ಬ್ಯಾಂಡ್ ಗ್ಯಾಪ್ ಇಳಿಯಿತೆಂದರೆ ಸಾಲದು

ಮಾನ್ಯ ಸಂಪಾದಕರೇ,

ಪಾಲಿಮರ್ ನ್ಯಾನೊಕಾಂಪೋಸಿಟ್ (ಅತಿಸೂಕ್ಷ್ಮ ಕಣಗಳನ್ನು ಬೆರೆಸಿದ ಪ್ಲಾಸ್ಟಿಕ್‌ನಂಥ ವಸ್ತು) ತೆಳುಪೊರೆಗಳನ್ನು ಕುರಿತ ಬರಹಗಳಲ್ಲಿ, ನ್ಯಾನೊಕಣಗಳನ್ನು ಬೆರೆಸಿದ್ದರಿಂದ ಪಾಲಿಮರ್‌ನ ಬ್ಯಾಂಡ್ ಗ್ಯಾಪ್ (ವಸ್ತುವಿನೊಳಗಿನ ಎಲೆಕ್ಟ್ರಾನ್ ಬಂಧನ ಬಿಟ್ಟು ಚಲಿಸಲು ಬೇಕಾದ ಕನಿಷ್ಠ ಶಕ್ತಿ) ಇಳಿಯಿತು, ಆದ್ದರಿಂದ ಪೊರೆಯು ಎಲೆಕ್ಟ್ರಾನಿಕ್ ಸಾಧನಗಳಿಗೆ ಯೋಗ್ಯವಾಯಿತು ಎಂಬ ತೀರ್ಮಾನ ಪದೇಪದೇ ಕಾಣುತ್ತದೆ. ಇದನ್ನು ಪರಿಶೀಲಿಸದೆ ಒಪ್ಪಬಾರದೆಂಬುದು ನನ್ನ ನಿಲುವು.

ಪಾಲಿವಿನೈಲ್ ಆಲ್ಕೊಹಾಲನ್ನು ನೀರಿನಲ್ಲಿ ಕರಗಿಸಿ, ಸತುವಿನ ಆಕ್ಸೈಡ್ ಕಣಗಳನ್ನು ಸೇರಿಸಿ, ಸಮತಟ್ಟಾದ ತಟ್ಟೆಯಲ್ಲಿ ಹರಡಿ ಒಣಗಿಸಿದರೆ ಇಂಥದೊಂದು ಪೊರೆ ದೊರೆಯುತ್ತದೆ. ಶುದ್ಧ ಪಾಲಿಮರ್ ಬೆಳಕನ್ನು ಗಾಢವಾಗಿ ಹೀರತೊಡಗುವುದು ಬೆಳಕಿನ ಕಣದ ಶಕ್ತಿ ಸುಮಾರು 5 ಎಲೆಕ್ಟ್ರಾನ್ ವೋಲ್ಟ್ (ಅಣುಮಟ್ಟದ ಶಕ್ತಿಯ ಮಾನ) ದಾಟಿದ ಮೇಲೆ. ಸತುವಿನ ಆಕ್ಸೈಡ್ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಅಂದರೆ 375 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲೇ ಹೀರಲು ಆರಂಭಿಸುತ್ತದೆ. ಎರಡೂ ಒಂದೇ ಪೊರೆಯಲ್ಲಿರುವಾಗ ರೋಹಿತದಲ್ಲಿ (ಯಾವ ಶಕ್ತಿಯ ಬೆಳಕು ಎಷ್ಟು ಹೀರಲ್ಪಟ್ಟಿತೆಂಬ ನಕ್ಷೆಯಲ್ಲಿ) ಮೊದಲು ಕಾಣುವ ಅಂಚು, ಅಂದರೆ ಹೀರಿಕೆ ತೊಡಗುವ ಬಿಂದು, ಹೆಚ್ಚಾಗಿ ಆಕ್ಸೈಡಿನದೇ ಆಗಿರುತ್ತದೆ. ಭೌತವಿಜ್ಞಾನಿ ಟಾಕ್ ಮತ್ತು ಸಂಗಡಿಗರು 1966ರಲ್ಲಿ ಅಸ್ಫಟಿಕ ಜರ್ಮೇನಿಯಮ್‌ನ ಅಧ್ಯಯನದಲ್ಲಿ ಬ್ಯಾಂಡ್ ಗ್ಯಾಪ್ ಅಂದಾಜಿಸಲು ಬಳಸಿದ ವಿಧಾನವನ್ನು ಇಂಥ ಮಿಶ್ರಣಕ್ಕೆ ಅನ್ವಯಿಸಿ, ವಕ್ರರೇಖೆಯ ಒಂದು ಭಾಗದ ಮೇಲೆ ಸರಳರೇಖೆ ಎಳೆದು ಪಡೆದ ಅಂಕಿಯನ್ನು ಪಾಲಿಮರ್‌ನ ಗುಣವೇ ಬದಲಾಯಿತೆಂಬುದಕ್ಕೆ ಸಾಕ್ಷಿಯಾಗಿ ಒಡ್ಡುವುದು ಸರಿಯಲ್ಲ. ಕಣಗಳು ಬೆಳಕನ್ನು ಚದುರಿಸಿದರೂ ಪೊರೆಯನ್ನು ದಾಟಿಬರುವ ಬೆಳಕು ಕುಗ್ಗುತ್ತದೆ. ಆ ನಷ್ಟವನ್ನು ಪ್ರತ್ಯೇಕಿಸದಿದ್ದರೆ ಅದೂ ಹೀರಿಕೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈ ಚದುರುವಿಕೆಯೇ ದೃಗ್ವಿಜ್ಞಾನದ ಬಳಕೆಗೆ ನಿಜವಾದ ಅಡ್ಡಿ. ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಒಂದು ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೆಯ ಘಾತದಂತೆ ಏರುತ್ತದೆ. ವ್ಯಾಸ ಇಮ್ಮಡಿಯಾದರೆ ಚದುರುವಿಕೆ 64 ಪಟ್ಟಾಗುತ್ತದೆ. ಆದ್ದರಿಂದ ಎಷ್ಟು ಶೇಕಡಾ ಕಣ ಬೆರೆಸಲಾಯಿತು ಎಂಬುದಕ್ಕಿಂತ, ಒಣಗುವ ವೇಳೆಯಲ್ಲಿ ಅವು ಗುಂಪುಗೂಡದಂತೆ ಹೇಗೆ ತಡೆಯಲಾಯಿತು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ತೋರುತ್ತದೆ.

ವಿದ್ಯುತ್ ಗುಣಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬೇರಿಯಮ್ ಟೈಟನೇಟ್ ಎಂಬ ಸೆರಾಮಿಕ್ ಕಣಗಳನ್ನು ಸೇರಿಸಿದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುದಾವೇಶ ಶೇಖರಿಸಲು ನೆರವಾಗುವ ಗುಣದ ಅಳತೆ) ಏರುತ್ತದೆ ನಿಜ. ಆದರೆ ಸಂಗ್ರಹವಾಗುವ ಶಕ್ತಿ ವಿದ್ಯುತ್ ಕ್ಷೇತ್ರದ ವರ್ಗವನ್ನು ಅವಲಂಬಿಸುವುದರಿಂದ, ಗುಂಪುಗೂಡಿದ ಕಣಗಳ ದೆಸೆಯಿಂದ ಪೊರೆ ಕಡಿಮೆ ಕ್ಷೇತ್ರದಲ್ಲೇ ಭೇದಿಸಲ್ಪಟ್ಟು ವಿದ್ಯುತ್ತನ್ನು ಹರಿಯಗೊಟ್ಟರೆ ಆ ಏರಿಕೆಯ ಲಾಭ ಕೈತಪ್ಪುತ್ತದೆ. ಪಾಲಿವಿನೈಲ್ ಆಲ್ಕೊಹಾಲ್ ತೇವ ಹೀರುವ ವಸ್ತುವಾದ ಕಾರಣ, ಗಾಳಿಯ ತೇವಾಂಶವನ್ನು ನಿಯಂತ್ರಿಸದೆ ಅಳೆದ ವಾಹಕತೆಯಲ್ಲಿ ಕಣಗಳ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಹೇಳುವುದೇ ಕಷ್ಟ.

ಈ ಪೊರೆಗಳ ಸಾಧ್ಯತೆಗಳ ಬಗ್ಗೆ ನನಗೆ ಅಪಾರ ಭರವಸೆಯಿದೆ. ದೃಗ್ಗೋಚರ ಬೆಳಕನ್ನು ಬಿಟ್ಟುಕೊಟ್ಟು ನೇರಳಾತೀತ ಕಿರಣಗಳನ್ನು ತಡೆಯುವ, ಬಾಗಿಸಬಹುದಾದ ಪೊರೆ ಸಣ್ಣ ಸಾಧನೆಯಲ್ಲ. ಆದಕಾರಣವೇ, ಮುಂದೆ ಇಂಥ ಸಂಶೋಧನೆಗಳ ವರದಿಯನ್ನು ಪ್ರಕಟಿಸುವಾಗ ಪೊರೆಯ ದಪ್ಪ, ಮಬ್ಬಿನ ಪ್ರಮಾಣ (ದಾಟಿಬಂದ ಬೆಳಕಿನಲ್ಲಿ ಚದುರಿದ ಪಾಲು), ಸೋರಿಕೆ ವಿದ್ಯುತ್ ಮತ್ತು ಅಳತೆಯ ವೇಳೆಯ ತೇವಾಂಶಗಳನ್ನೂ ಸಂಶೋಧಕರಿಂದ ಕೇಳಿ ನಮೂದಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಭೌತವಿಜ್ಞಾನದ ಅಧ್ಯಾಪಕ