ಗೆಳೆಯನಿಗೊಂದು ಪತ್ರ: ಹಳೆ ಗೋವೆಯ ಇಗರ್ಜಿಯಲ್ಲಿ ಸಿಕ್ಕ ರಾಣಿ

ಪ್ರಿಯ ರಾಘು,

ನಾನೂರು ವರ್ಷದ ಹಿಂದಿನ ಎಲುಬೊಂದು ಇಂಥವರದೇ ಎಂದು ಹೇಗೆ ಹೇಳುತ್ತಾರೆ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಳೆ ಗೋವೆಗೆ ಹೋದವರೆಲ್ಲ ಬೊಂ ಜೀಸಸ್ ಚರ್ಚ್ ನೋಡಿ ಬಸ್ಸು ಹತ್ತುತ್ತಾರೆ. ಅಲ್ಲೇ ಮೇಲೆ, ಮೋಂತ್ ಸಾಂತೊ ಗುಡ್ಡದ ಮೇಲೆ, ಸಂತ ಅಗಸ್ಟೀನರ ಇಗರ್ಜಿಯ ಗೋಪುರ ಒಂಟಿಯಾಗಿ ನಿಂತಿದೆ. ನಮ್ಮ ಕಡೆ ಮನೆ ಕಟ್ಟುವ ಅದೇ ಚಿರೇಕಲ್ಲು, ಎತ್ತರ ಮಾತ್ರ 46 ಮೀಟರ್! ಪೋರ್ಚುಗೀಸರ ಕಾಲದ ಈ ಇಗರ್ಜಿ 1602ರ ಹೊತ್ತಿಗೆ ಎದ್ದು ನಿಂತಿತ್ತು. 1835ರಲ್ಲಿ ಸರ್ಕಾರವೇ ಸನ್ಯಾಸಿ ಮಠಗಳನ್ನು ಮುಚ್ಚಿಸಿತು, 1842ರಲ್ಲಿ ಕಮಾನು ಛಾವಣಿ ಕುಸಿಯಿತು. ಆಮೇಲೆ ಕಾಡು ಬೆಳೆಯಿತು. ಇಲ್ಲಿದ್ದ ದೊಡ್ಡ ಗಂಟೆ ಈಗ ಪಣಜಿಯ ಇಗರ್ಜಿಯಲ್ಲಿದೆ.

ಈ ಮಣ್ಣಿನಡಿ ಜಾರ್ಜಿಯಾ ದೇಶದ ರಾಣಿ ಕೆಟೆವಾನ್ ಇದ್ದಳು. ಕಾಖೇತಿ ರಾಜ್ಯದ ರಾಣಿ ಆಕೆ. ಮಗ ತೈಮುರಾಜನ ರಾಜ್ಯ ಉಳಿಸಲು ಪರ್ಷಿಯಾದ ಶಾ ಅಬ್ಬಾಸನ ಬಳಿ ಸಂಧಾನಕ್ಕೆ ಹೋಗಿ ಸೆರೆಯಾದಳು. ಸುಮಾರು ಹತ್ತು ವರ್ಷ ಅಲ್ಲಿನ ಶಿರಾಜ್ ನಗರದಲ್ಲಿ ಬಂದಿ. ತನ್ನ ಧರ್ಮ ಬಿಡಲು ಒಪ್ಪದ್ದಕ್ಕೆ 1624ರಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಲ್ಲಿದ್ದ ಅಗಸ್ಟೀನಿಯನ್ ಪಾದ್ರಿಗಳು ಅವಳ ಎಲುಬುಗಳನ್ನು ಗುಟ್ಟಾಗಿ ಎತ್ತಿಟ್ಟುಕೊಂಡು, ಒಂದು ಪಾಲನ್ನು 1627ರಲ್ಲಿ ಗೋವೆಗೆ ತಂದರು.

ಎಲ್ಲಿಟ್ಟರು ಎಂಬುದನ್ನು ಪೋರ್ಚುಗೀಸ್ ಬರಹವೊಂದು ಹೇಳುತ್ತದೆ: ಸನ್ಯಾಸಿಗಳು ಸಭೆ ಸೇರುವ ಪ್ರಾರ್ಥನಾಲಯದ ಎರಡನೆಯ ಕಿಟಕಿಯ ಬಳಿ, ಕಲ್ಲಿನ ಪೆಟ್ಟಿಗೆಯಲ್ಲಿ. ಆದರೆ ಗೋಡೆಯೇ ಬಿದ್ದ ಜಾಗದಲ್ಲಿ ಎರಡನೆಯ ಕಿಟಕಿ ಯಾವುದು ಮಾರಾಯ? ಮೊದಲು ಇಡೀ ಕಟ್ಟಡದ ಅಡಿಪಾಯ ಮಣ್ಣಿನಿಂದ ಹೊರಬರಬೇಕಿತ್ತು. ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಕಲ್ಲು ಸರಿಸಿ, ಕೋಣೆ ಕೋಣೆಯನ್ನೂ ಗುರುತಿಸಿದರು. 2004ರಲ್ಲಿ ಆ ಜಾಗದ ಹತ್ತಿರ ಒಂದು ಎಲುಬು ಸಿಕ್ಕಿತು. ನನಗೆ ಈ ಇಡೀ ಕಥೆಯಲ್ಲಿ ದೊಡ್ಡದೆನಿಸುವುದು ಆ ತಾಳ್ಮೆಯೇ. ನಿಧಿಗೆ ಅಗೆದವರಾಗಿದ್ದರೆ ಎಲುಬು ಸಿಗುತ್ತಿತ್ತೇನೋ, ಕಿಟಕಿ ಸಿಗುತ್ತಿರಲಿಲ್ಲ. ಕಿಟಕಿಯಿಲ್ಲದೆ ಆ ಎಲುಬು ಯಾರದೂ ಅಲ್ಲ.

ಮುಂದಿನ ಕೆಲಸ ಜೀವಕೋಶ, ಡಿಎನ್‌ಎಗಳನ್ನು ಅಧ್ಯಯನ ಮಾಡುವ ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದ್ದು. ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಡಿಎನ್‌ಎ ಪರೀಕ್ಷಿಸಿದಾಗ ಯು1ಬಿ ಎಂಬ ವಂಶಗುರುತು ಕಂಡಿತು. ಹೋಲಿಸಿ ನೋಡಿದ 22,000ಕ್ಕೂ ಹೆಚ್ಚು ಭಾರತೀಯರ ಮಾದರಿಗಳಲ್ಲಿ ಅದು ಒಬ್ಬರಲ್ಲೂ ಇರಲಿಲ್ಲ, ಜಾರ್ಜಿಯಾದವರಲ್ಲಿ ಇತ್ತು. ಆದರೂ ವಿಜ್ಞಾನಿಗಳು ಬರೆದದ್ದು 'ರಾಣಿಯದ್ದಾಗಿರುವ ಸಂಭವವಿದೆ' ಎಂದಷ್ಟೆ. ಡಿಎನ್‌ಎ ಹೆಸರು ಹೇಳುವುದಿಲ್ಲ, ಊರಿನ ದಿಕ್ಕು ತೋರಿಸುತ್ತದೆ. ಹೆಸರು ಕೊಟ್ಟದ್ದು ಹಳೆಯ ಕಾಗದ, ಜಾಗ ಕೊಟ್ಟದ್ದು ಅಗೆತ. ನಿನ್ನ ಪ್ರಶ್ನೆಗೆ ಉತ್ತರ ಇದೇ: ಮೂರೂ ಸೇರಿದಾಗಲೇ ಹೇಳಲು ಬರುತ್ತದೆ.

2021ರ ಜುಲೈಯಲ್ಲಿ ಭಾರತ ಸರ್ಕಾರ ಈ ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ವಿದೇಶಾಂಗ ಸಚಿವ ಜೈಶಂಕರ್ ತಾವೇ ಅಲ್ಲಿನ ರಾಜಧಾನಿ ಟಿಬಿಲಿಸಿಗೆ ಒಯ್ದರು. ಅಲ್ಲಿ ಆಕೆ ಸಂತಳು. ಕೊಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅವಳಿಗಾಗಿ ಕಾದವರು ಅಲ್ಲಿದ್ದರು.

ಇನ್ನೊಂದು ಮಾತು. ಇದೇ ಇಗರ್ಜಿಯ ಇನ್ನೆರಡು ಎಲುಬುಗಳನ್ನೂ ಪರೀಕ್ಷಿಸಿದ್ದರು. ಅವುಗಳಲ್ಲಿ ಕಂಡದ್ದು ನಮ್ಮ ಉಪಖಂಡದವರ ಗುರುತು. ಅವರನ್ನು ಕೇಳಿಕೊಂಡು ಯಾವ ದೇಶವೂ ಬರಲಿಲ್ಲ. ನೆಲದ ತುಂಬ ಹಾಸಿರುವ ಸಮಾಧಿ ಕಲ್ಲುಗಳಲ್ಲಿ ಶ್ರೀಮಂತರ ಲಾಂಛನಗಳಿವೆ, ಇವರಿಬ್ಬರ ಹೆಸರು ಎಲ್ಲೂ ಇಲ್ಲ. ರಾಣಿಯ ಕಥೆ ಹೇಳುವಾಗೆಲ್ಲ ಇವರ ಮಾತೂ ಒಂದು ಸಾಲು ಬರಲಿ ಎಂಬುದು ನನ್ನ ಆಸೆ. ನಿನಗೇನನ್ನಿಸುತ್ತದೆ, ಬರಿ.

ನಿನ್ನ,
ವಿನಾಯಕ