ಕಾರ್ತಿಕನಿಗೆ, ಮೊದಲ ವೋಟಿಗೆ ಮುಂಚೆ

ಚಿ. ಕಾರ್ತಿಕನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ ಸಿಟಿಜನ್‌ಶಿಪ್ ಪ್ರಮಾಣವಚನ ಮುಗಿಯಿತು ಅಂತ ಓದಿ ನನಗೂ ನಿನ್ನ ದೊಡ್ಡಮ್ಮನಿಗೂ ತುಂಬಾ ಸಂತೋಷವಾಯಿತು. ಆದರೆ ಅದೇ ಮೆಸೇಜಿನ ಕೊನೆಗೆ ನೀನು ಬರೆದದ್ದು ನನಗೆ ಹಿಡಿಸಲಿಲ್ಲ. "ಇವಾಂಜೆಲಿಕಲ್‌ಗಳು ವರ್ಷ ವರ್ಷ ಕಮ್ಮಿ ಆಗ್ತಿದ್ದಾರೆ ದೊಡ್ಡಪ್ಪ, ಇನ್ನೊಂದು ಹತ್ತು ವರ್ಷ ಕಾದರೆ ಅವರ ರಾಜಕೀಯ ತಾನಾಗೇ ಮುಗಿಯುತ್ತೆ, ಈಗ ನಾನೊಬ್ಬ ವೋಟು ಹಾಕಿ ಏನಾಗಬೇಕು" ಅಂದಿದ್ದೀಯ. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಮಾತಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಇವಾಂಜೆಲಿಕಲ್‌ಗಳು, ಅಂದರೆ ಬೈಬಲ್ಲಿನ ಮಾತೇ ಅಂತಿಮ ಅನ್ನುವ, ಮತಪ್ರಚಾರಕ್ಕೆ ಒತ್ತು ಕೊಡುವ ಈ ಪ್ರೊಟೆಸ್ಟೆಂಟ್ ಕ್ರೈಸ್ತರು, ಕಮ್ಮಿ ಆಗುತ್ತಿರುವುದು ನಿಜ. ಪಿಆರ್‌ಆರ್‌ಐ ಎಂಬ ಸಮೀಕ್ಷೆ ಸಂಸ್ಥೆಯ ಲೆಕ್ಕದಲ್ಲಿ ಬಿಳಿಯ ಇವಾಂಜೆಲಿಕಲ್ ಪ್ರೊಟೆಸ್ಟೆಂಟರು 2006ರಲ್ಲಿ ದೇಶದ ಶೇ. 23ರಷ್ಟಿದ್ದರು, 2023ರ ಹೊತ್ತಿಗೆ ಶೇ. 13ರ ಆಸುಪಾಸಿಗೆ ಇಳಿದರು. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಇದೆಯಲ್ಲ, ದೇಶದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡ, ಅದರ ಸದಸ್ಯರು 2006ರಲ್ಲಿ 1 ಕೋಟಿ 63 ಲಕ್ಷ ಇದ್ದವರು ಈಗ 1 ಕೋಟಿ 30 ಲಕ್ಷಕ್ಕಿಂತ ಕೆಳಗಿದ್ದಾರೆ. ಆದರೆ ಪ್ಯೂ ಎಂಬ ಇನ್ನೊಂದು ಸಮೀಕ್ಷೆ ಸಂಸ್ಥೆಯ ಲೆಕ್ಕವನ್ನೂ ನೋಡು. ಕರಿಯರು, ಲ್ಯಾಟಿನೋಗಳು, ಏಷ್ಯನ್ನರು ಎಲ್ಲರನ್ನೂ ಸೇರಿಸಿ ಎಣಿಸಿದರೆ ಇವಾಂಜೆಲಿಕಲ್ ಚರ್ಚಿನವರು 2007ರಲ್ಲಿ ಶೇ. 26 ಇದ್ದರು, 2023-24ರಲ್ಲೂ ಶೇ. 23 ಇದ್ದಾರೆ. ದೇಶದ ಕ್ರೈಸ್ತರ ಒಟ್ಟು ಪಾಲು ಶೇ. 78ರಿಂದ 62ಕ್ಕೆ ಬಂದಿದೆ, ಆ ಇಳಿತವೂ ಈಚಿನ ವರ್ಷಗಳಲ್ಲಿ ನಿಧಾನವಾಗಿದೆ. ನೀನು ಮೊದಲನೆಯ ಲೆಕ್ಕ ಒಂದನ್ನೇ ಹಿಡಿದುಕೊಂಡಿದ್ದೀಯ ಅನ್ನಿಸುತ್ತದೆ.

ಇರಲಿ, ಇಳಿತ ನೀನು ಅಂದುಕೊಂಡಷ್ಟೇ ಇದೆ ಅಂತ ಇಟ್ಟುಕೋ. ಅದಕ್ಕೂ ಅಧಿಕಾರಕ್ಕೂ ಏನು ಸಂಬಂಧ ಅಂತ ಒಂದು ಸಲ ಹಿಂದಕ್ಕೆ ಹೋಗಿ ನೋಡು. 1979ರಲ್ಲಿ ಜೆರ್ರಿ ಫಾಲ್ವೆಲ್ ಎಂಬ ಪಾಸ್ಟರ್ ಇವರನ್ನು ರಾಜಕೀಯಕ್ಕೆ ಒಟ್ಟುಗೂಡಿಸಲು ಮಾರಲ್ ಮೆಜಾರಿಟಿ ಎಂಬ ಸಂಘಟನೆ ಕಟ್ಟಿದರು. ಮರುವರ್ಷ ಆಗಸ್ಟಿನಲ್ಲಿ ಅಧ್ಯಕ್ಷ ಪದವಿಗೆ ನಿಂತಿದ್ದ ರೇಗನ್ ಇಲ್ಲೇ ನಮ್ಮ ಡಲ್ಲಸ್‌ಗೆ ಬಂದು, ಸಾವಿರಾರು ಪಾಸ್ಟರುಗಳು ಕೂತಿದ್ದ ಸಭೆಯಲ್ಲಿ, ನೀವು ನನಗೆ ಬೆಂಬಲ ಘೋಷಿಸುವಂತಿಲ್ಲ ಅಂತ ಗೊತ್ತು, ನಾನೇ ನಿಮಗೆ ಬೆಂಬಲ ಘೋಷಿಸುತ್ತೇನೆ ಅಂದರು. ಆಗ ಇವಾಂಜೆಲಿಕಲ್‌ಗಳ ಜನಬಲ ಜಾಸ್ತಿ ಇತ್ತು. ಆದರೂ ಅವರು ಎಲ್ಲಕ್ಕಿಂತ ಮೇಲೆ ಬಯಸಿದ್ದು, ಗರ್ಭಪಾತದ ಹಕ್ಕು ಕೊಟ್ಟಿದ್ದ ರೋ ತೀರ್ಪು ಹೋಗಬೇಕು ಅನ್ನುವುದು, ಸಿಕ್ಕಿದ್ದು ಯಾವಾಗ? 2022ರ ಜೂನ್ 24ರಂದು. ಸಂಖ್ಯೆ ಇಳಿದು ತಳದ ಹತ್ತಿರ ಬಂದಾಗ. ಗೋರ್ಸಚ್, ಕ್ಯಾವನಾ, ಬ್ಯಾರೆಟ್ ಎಂಬ ಮೂವರು ನ್ಯಾಯಮೂರ್ತಿಗಳು ಟ್ರಂಪ್ ಎಂಬ ಒಬ್ಬ ಅಧ್ಯಕ್ಷನ ಒಂದೇ ಅವಧಿಯಲ್ಲಿ ಸುಪ್ರೀಂ ಕೋರ್ಟಿಗೆ ಬಂದರು, ಅಷ್ಟೇ ಸಾಕಾಯಿತು. ಆ ಕುರ್ಚಿಗಳು ಆಯಸ್ಸಿರುವ ತನಕ. ಅವರನ್ನು ಒಪ್ಪಿದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸೀಟು, ಕ್ಯಾಲಿಫೋರ್ನಿಯಾಗೂ ಅಷ್ಟೇ, ವಯೋಮಿಂಗ್‌ಗೂ ಅಷ್ಟೇ. ದೇಶದ ಸರಾಸರಿ ಹಿಡಿದುಕೊಂಡು ಇವನ್ನೆಲ್ಲ ಲೆಕ್ಕ ಹಾಕಲಾಗುವುದಿಲ್ಲ.

ಇನ್ನು ವೋಟು. ಬಿಳಿಯ ಇವಾಂಜೆಲಿಕಲ್‌ಗಳು ಜನಸಂಖ್ಯೆಯಲ್ಲಿ ಏಳರಲ್ಲಿ ಒಬ್ಬರು ಇರಬಹುದು. ಆದರೆ ಎಕ್ಸಿಟ್ ಪೋಲ್‌ಗಳಲ್ಲಿ ವೋಟು ಹಾಕಿದವರ ಪೈಕಿ ತಾವು ಅವರೇ ಅಂತ ಹೇಳಿಕೊಂಡವರು 2004ರಲ್ಲೂ 2024ರಲ್ಲೂ ನಾಲ್ಕರಲ್ಲಿ ಒಂದರ ಹತ್ತಿರವೇ ಇದ್ದರು. ಅದರಲ್ಲಿ ಚರ್ಚಿನ ಮುಖ ನೋಡದವರೂ ಇದ್ದಾರೆ ಅನ್ನು, ಯಾಕೆಂದರೆ ಆ ಹೆಸರು ಈಗ ಕೆಲವರಿಗೆ ಭಕ್ತಿಗಿಂತ ಜಾಸ್ತಿ ಪಕ್ಷದ ಗುರುತಾಗಿದೆ. ಬುಷ್‌ಗೆ ಅವರಲ್ಲಿ ಶೇ. 78 ಬಿದ್ದಿತ್ತು, ಟ್ರಂಪ್‌ಗೆ ಶೇ. 80ರ ಆಸುಪಾಸು. ಸದಸ್ಯರು ಹೋದರು, ಒಗ್ಗಟ್ಟು ಹೋಗಲಿಲ್ಲ. ಹಾಲು ಕಾಯಿಸಿದಂತೆ, ಅಳತೆ ಇಳಿಯಿತು, ಗಟ್ಟಿಯಾಯಿತು. ಕಾರಣವೂ ಸರಳ. ಬಿಟ್ಟು ಹೋಗುವವರಲ್ಲಿ ಚಿಕ್ಕ ವಯಸ್ಸಿನವರು, ಒಳಗೇ ಪ್ರಶ್ನೆ ಕೇಳುತ್ತಿದ್ದವರು ಜಾಸ್ತಿ. 2021ರಲ್ಲಿ ಹೆಸರಾಂತ ಬೈಬಲ್ ಬೋಧಕಿ ಬೆತ್ ಮೂರ್, ಪಂಗಡದ ಮುಖಂಡ ರಸೆಲ್ ಮೂರ್, ಒಳಗಿದ್ದೇ ಟೀಕಿಸುತ್ತಿದ್ದ ಇಬ್ಬರೂ ಸದರ್ನ್ ಬ್ಯಾಪ್ಟಿಸ್ಟ್ ಬಿಟ್ಟರು. ಮರುವರ್ಷ ಲೈಂಗಿಕ ದೌರ್ಜನ್ಯದ ದೂರುಗಳನ್ನು ಮೇಲಿನವರು ವರ್ಷಗಟ್ಟಲೆ ಹೇಗೆ ಅದುಮಿಟ್ಟಿದ್ದರು ಅನ್ನುವ ವರದಿ ಬಂತು. ಅಂಥವರು ಹೊರಗೆ ಹೋದ ಮೇಲೆ ಒಳಗೆ ಎದುರು ಮಾತಾಡುವವರು ಯಾರು ಉಳಿಯುತ್ತಾರೆ ಹೇಳು.

ರಾಜಕೀಯದಿಂದ ಚರ್ಚು ಖಾಲಿಯಾಗುತ್ತದೆ ಅನ್ನುವ ಮಾತೂ ಹೊಸದಲ್ಲ. ಮೈಕೆಲ್ ಹೌಟ್, ಕ್ಲಾಡ್ ಫಿಷರ್ ಎಂಬ ಸಮಾಜಶಾಸ್ತ್ರಜ್ಞರು 2002ರಲ್ಲೇ ಬರೆದಿದ್ದರು: ಧರ್ಮದ ಹೆಸರಿನ ಬಲಪಂಥ ಕಂಡು ಬೇಸತ್ತವರು, ದೇವರ ನಂಬಿಕೆ ಇದ್ದರೂ, ನಮಗೆ ಯಾವ ಧರ್ಮವೂ ಇಲ್ಲ ಅನ್ನತೊಡಗಿದ್ದಾರೆ ಅಂತ. ಹಾಗೆ ಅನ್ನುವವರು ಈಗ ಶೇ. 29. ನೀನು ಕಾಯುತ್ತಿರುವುದು ಇವರನ್ನೇ ಅಲ್ವಾ? ಅವರಲ್ಲಿ ವೋಟು ಹಾಕುವವರು ಹೆಚ್ಚಾಗಿ ಡೆಮಾಕ್ರಟಿಕ್ ಕಡೆ ಹಾಕುತ್ತಾರೆ, ಸರಿ. ಆದರೆ ಅವರಿಗೆ ಭಾನುವಾರ ಸೇರುವ ಜಾಗವಿಲ್ಲ, ಹೆಸರು ಹಿಡಿದು ಕರೆಯುವ ಪಾಸ್ಟರ್ ಇಲ್ಲ, ಮತಗಟ್ಟೆಗೆ ವ್ಯಾನು ಕಳಿಸುವವರಿಲ್ಲ. ಒಟ್ಟುಗೂಡಿಸುವವರಿಲ್ಲದ ಶೇ. 29 ಅದು.

ಇನ್ನೊಂದು ವಿಷಯ, ಇದು ನಮ್ಮಂಥ ವಲಸಿಗರಿಗೆ ಮುಖ್ಯ. ಚರ್ಚು ಬಿಟ್ಟವರೆಲ್ಲ ಮೃದುವಾಗುತ್ತಾರೆ ಅಂತಿಲ್ಲ. 2016ರ ರಿಪಬ್ಲಿಕನ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ವಾರವಾರ ಚರ್ಚಿಗೆ ಹೋಗುವವರಲ್ಲಿ ಟ್ರಂಪ್‌ನ ಎದುರಾಳಿ ಟೆಡ್ ಕ್ರೂಜ್‌ಗೆ ಒಲವು ಜಾಸ್ತಿ ಇತ್ತು, ಟ್ರಂಪ್ ಮೊದಲು ಬಲವಾಗಿ ಹಿಡಿದದ್ದು ಅಪರೂಪಕ್ಕೆ ಹೋಗುವವರನ್ನು. ಇವಾಂಜೆಲಿಕಲ್‌ಗಳದೇ ಸಂಸ್ಥೆ ವರ್ಲ್ಡ್ ರಿಲೀಫ್ ದಶಕಗಳಿಂದ ನಿರಾಶ್ರಿತರಿಗೆ ಮನೆ, ಕೆಲಸ, ಇಂಗ್ಲಿಷ್ ಕ್ಲಾಸು ಕೊಡಿಸುತ್ತಾ ಬಂದಿದೆ, ನಿರಾಶ್ರಿತರ ಸಂಖ್ಯೆ ಕಡಿತ ಮಾಡಿದಾಗ ಬಹಿರಂಗವಾಗಿ ವಿರೋಧಿಸಿತು. 2003ರಲ್ಲಿ ಬುಷ್ ಆಫ್ರಿಕಾದ ಏಡ್ಸ್ ರೋಗಿಗಳಿಗೆ ಔಷಧಿ ಕೊಡುವ ಪೆಪ್‌ಫಾರ್ ಯೋಜನೆ ತಂದಾಗ ಹಿಂದೆ ನಿಂತವರಲ್ಲಿ ಇವರೂ ಇದ್ದರು. ನಂಬಿಕೆ ಸವೆದು ಸಿಟ್ಟು ಮಾತ್ರ ಉಳಿದ ಮನುಷ್ಯನಿಗಿಂತ, ಭಾನುವಾರ ಬೆಳಿಗ್ಗೆ ಪರದೇಶಿಯನ್ನು ಆದರಿಸು ಅನ್ನುವ ವಾಕ್ಯ ಕೇಳಿ ಬರುವ ಮನುಷ್ಯ ನನಗೆ ಒಳ್ಳೆಯ ನೆರೆಯವನು. ಡಲ್ಲಸ್ ಪಕ್ಕದ ಈ ಪ್ಲೇನೋದಲ್ಲಿ ಇಷ್ಟು ವರ್ಷ ಇಂಥವರ ಮಧ್ಯೆಯೇ ಇದ್ದೇನೆ. ನಿನ್ನ ದೊಡ್ಡಮ್ಮನಿಗೆ ಆಪರೇಷನ್ ಆದಾಗ ಊಟ ತಂದಿಟ್ಟವರು ಅವರೇ. ಅವರು ಕಮ್ಮಿಯಾಗಲಿ ಅಂತ ಹಾರೈಸುವುದು ನನ್ನಿಂದ ಆಗುವುದಿಲ್ಲ, ನಿನಗೂ ಬೇಡ.

ಹಾಗಂತ ಸುಮ್ಮನಿರಬೇಕು ಅಂತಲ್ಲ. 2025ರಲ್ಲಿ ನಮ್ಮ ಟೆಕ್ಸಸ್ ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನ ಗೋಡೆಯ ಮೇಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಹಾಕಬೇಕು ಅಂತ ಕಾನೂನು ಮಾಡಿತು, ಲೂಸಿಯಾನ ಅದಕ್ಕಿಂತ ಒಂದು ವರ್ಷ ಮುಂಚೆಯೇ ಮಾಡಿತ್ತು. ಕೋರ್ಟಿಗೆ ಹೋದ ಕುಟುಂಬಗಳಲ್ಲಿ ಯಹೂದಿಗಳು, ಹಿಂದೂಗಳು ಇದ್ದಾರೆ, ಕ್ರೈಸ್ತರೂ ಇದ್ದಾರೆ. ಈ ಕ್ರೈಸ್ತರನ್ನು ಗಮನಿಸು. ನಮ್ಮ ಮಕ್ಕಳ ಪರವಾಗಿ ನಿಲ್ಲುವವರು ಆ ಕಡೆಯಲ್ಲೇ ಇರುತ್ತಾರೆ, ನಾವು ಪರಿಚಯ ಮಾಡಿಕೊಂಡಿರಬೇಕು ಅಷ್ಟೇ.

ಇಳಿತ ಎಲ್ಲಿ ಕಾಣಿಸುತ್ತದೆ ಅಂತಲೂ ಹೇಳುತ್ತೇನೆ. ಜನರನ್ನೇ ನೇರವಾಗಿ ಕೇಳಿದ ಕಡೆ. ರೋ ಹೋದ ಎರಡು ತಿಂಗಳೊಳಗೆ, 2022ರ ಆಗಸ್ಟಿನಲ್ಲಿ, ಕ್ಯಾನ್ಸಸ್‌ನಂಥ ರಿಪಬ್ಲಿಕನ್ ರಾಜ್ಯದಲ್ಲಿ ಸುಮಾರು ಶೇ. 59 ಜನ ಗರ್ಭಪಾತದ ಹಕ್ಕು ಉಳಿಯಲಿ ಅಂದರು, ಮರುವರ್ಷ ಒಹಾಯೋದಲ್ಲಿ ಶೇ. 57ರ ಹತ್ತಿರ. ರಿಪಬ್ಲಿಕನ್ ಪಕ್ಷಕ್ಕೂ ಇದು ಅರ್ಥವಾಯಿತು. ದೇಶಕ್ಕೆಲ್ಲ ಅನ್ವಯಿಸುವ ಗರ್ಭಪಾತ ನಿಷೇಧದ ಬೇಡಿಕೆಯನ್ನು, ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು ಅನ್ನುವ ಸಾಲನ್ನು 2024ರ ಪ್ರಣಾಳಿಕೆಯಿಂದ ಕೈಬಿಟ್ಟಿತು. ಆದರೂ ಇವಾಂಜೆಲಿಕಲ್‌ಗಳ ವೋಟು ಒಂದಿಷ್ಟೂ ಅಲುಗಲಿಲ್ಲ. ಬೇರೆ ಕಡೆ ಹೋಗುವುದಿಲ್ಲ ಅಂತ ಗೊತ್ತಾದವರ ಮಾತಿಗೆ ಯಾವ ಪಕ್ಷವೂ ಹೆಚ್ಚು ದಿನ ಬೆಲೆ ಕೊಡುವುದಿಲ್ಲ. ಅವರಿಗೆ ಈಗ ಆಗುತ್ತಿರುವುದು ಇದೇ. ನಮ್ಮ ದೇಸಿಗಳೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಒಂದು ಪಕ್ಷಕ್ಕೆ ಕಣ್ಣು ಮುಚ್ಚಿ ಒಪ್ಪಿಸಿಕೊಂಡರೆ ನಮ್ಮನ್ನೂ ಕೇಳುವವರಿರುವುದಿಲ್ಲ.

ಯಾರಿಗೆ ವೋಟು ಹಾಕು ಅಂತ ನಾನು ಹೇಳುವುದಿಲ್ಲ, ನಿನ್ನ ಅಪ್ಪನೂ ನಾನೂ ಈ ವಿಷಯದಲ್ಲಿ ಯಾವತ್ತೂ ಒಂದಾದವರಲ್ಲ. ಆದರೆ ನವೆಂಬರ್ ತನಕ ಕಾಯಬೇಡ. ಬಹಳ ಕ್ಷೇತ್ರಗಳಲ್ಲಿ ಪ್ರೈಮರಿಯಲ್ಲಿ ಗೆದ್ದವನೇ ಗೆದ್ದ ಹಾಗೆ, ಪ್ರೈಮರಿಗೆ ಬರುವವರು ಕೆಲವೇ ಜನ, ಆ ಕೆಲವರಲ್ಲಿ ಚರ್ಚಿನವರು ತಪ್ಪದೆ ಇರುತ್ತಾರೆ. ಅಯೋವಾದಲ್ಲಿ ಪ್ರೈಮರಿಯ ಬದಲು ನಡೆಯುವ ರಿಪಬ್ಲಿಕನ್ ಕಾಕಸ್ ಸಭೆಗಳಲ್ಲಿ ಈಚಿನ ಸಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. ಅವರ ಬಲ ಇರುವುದು ಇಲ್ಲಿ, ಅದು ಅವರು ಹಾಜರಿ ಹಾಕಿ ಗಳಿಸಿಕೊಂಡದ್ದು. ನಿಮ್ಮ ನಾರ್ತ್ ಕ್ಯಾರೊಲೈನಾದಲ್ಲಿ ಪ್ರೈಮರಿ ಮಾರ್ಚಿನಲ್ಲಿ. ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿದರೆ ಎರಡರಲ್ಲಿ ಯಾವುದಾದರೂ ಒಂದು ಪಕ್ಷದ ಬ್ಯಾಲೆಟ್ ಕೇಳಿ ಪಡೆಯಬಹುದು. ಚುನಾವಣೆಗೆ 25 ದಿನ ಮುಂಚೆಯೇ ನೋಂದಣಿ ಮುಗಿಸಿಕೋ, ಫೋಟೋ ಇರುವ ಐಡಿ ಜೊತೆಗಿರಲಿ. ಸ್ಕೂಲ್ ಬೋರ್ಡಿನ ಹೆಸರುಗಳನ್ನು ಖಾಲಿ ಬಿಟ್ಟು ಬರಬೇಡ, ಪುಟ್ಟಿ ಇನ್ನೆರಡು ವರ್ಷಕ್ಕೆ ಶಾಲೆಗೆ ಹೋಗುತ್ತಾಳೆ.

ನೋಂದಣಿ ಕಾರ್ಡು ಬಂದ ಮೇಲೆ ಒಂದು ಫೋಟೋ ಕಳಿಸು. ದೊಡ್ಡಮ್ಮ ಚಟ್ನಿಪುಡಿ ಪೋಸ್ಟ್ ಮಾಡಿದ್ದಾಳೆ, ಸಿಕ್ಕಿತಾ ಅಂತ ತಿಳಿಸು.

ನಿನ್ನ ದೊಡ್ಡಪ್ಪ