ಲೆನ್ಸ್ ಪ್ರಯೋಗಾಲಯದ ತಾರಸಿ ಸೋರಿದೆ: ದಾನಿಗಳಲ್ಲಿ ಒಂದು ಮನವಿ

ಮಾನ್ಯರೇ,

ಶ್ರಾವಣದ ಮಳೆಗೆ ನಮ್ಮ ಕಣ್ಣಾಸ್ಪತ್ರೆಯ ಮೇಲ್ಮಹಡಿಯ ಪ್ರಯೋಗಾಲಯ ಸೋರಿತು. ಪ್ಯಾರಪೆಟ್ ಗೋಡೆ ಮತ್ತು ಸ್ಲ್ಯಾಬ್ ಕೂಡುವ ಸಂದಿಯಲ್ಲಿ ಬಿರುಕು ಬಿಟ್ಟು, ಇಳಿದ ನೀರು ನೇರವಾಗಿ ಲ್ಯಾಮಿನಾರ್ ಹುಡ್ (ಸೋಸಿದ ಶುದ್ಧ ಗಾಳಿಯಲ್ಲಿ ಕೆಲಸ ಮಾಡುವ ಪೆಟ್ಟಿಗೆ) ಮೇಲೆಯೇ ತೊಟ್ಟಿಕ್ಕಿದೆ. ಅದರ ಗಾಳಿ ಸೋಸುವ ಹೆಪಾ ಫಿಲ್ಟರ್ ಒಮ್ಮೆ ನೆನೆದರೆ ಮುಗಿಯಿತು, ಒಣಗಿಸಿ ಬಳಸುವಂತಿಲ್ಲ. ಮೂರನೇ ದಿನಕ್ಕೆ ಫ್ಲಾಸ್ಕುಗಳಲ್ಲಿ ಹತ್ತಿಯ ಎಳೆಯಂಥ ಬೂಷ್ಟು ಕಾಣಿಸಿಕೊಂಡು, ಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಇನ್‌ಕ್ಯುಬೇಟರಿನ ನೀರಿನ ತಟ್ಟೆಗೂ ಹಬ್ಬಿತು. ಬೆಳೆಯುತ್ತಿದ್ದ ಕಣ್ಣಿನ ಲೆನ್ಸಿನ ಜೀವಕೋಶಗಳನ್ನೆಲ್ಲ ಬ್ಲೀಚ್ ಸುರಿದು ಚೆಲ್ಲಿದ್ದಾಯಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಜಾಡಿಯಲ್ಲಿಟ್ಟ ಸಣ್ಣ ಸಂಗ್ರಹ ಮಾತ್ರ ಉಳಿದಿದೆ.

ನಮ್ಮ ಹಿರಿಯ ವಿಜ್ಞಾನಿಗಳ ಕೆಲಸ ನಿಮಗೆ ಹೊಸದೇನಲ್ಲ. ಕಸಾಯಿಖಾನೆಯಿಂದ ಐಸ್ ಡಬ್ಬದಲ್ಲಿ ತರುತ್ತಿದ್ದ ಆಡಿನ ಕಣ್ಣುಗಳಿಂದ ಶುರುವಾದದ್ದು ಅದು. ಆಮೇಲೆ ಕೋಳಿಮೊಟ್ಟೆಯ ಸರದಿ. 1963ರಲ್ಲಿ ಅಮೆರಿಕದ ಕೂಲಂಬ್ರ್ ದಂಪತಿ ಕೋಳಿಭ್ರೂಣದ ಕಣ್ಣಿನ ಲೆನ್ಸನ್ನು ಹಿಂದುಮುಂದು ತಿರುಗಿಸಿಟ್ಟು ನೋಡಿದ್ದರು. ಮುಂದಿದ್ದ ಗಿಡ್ಡ ಕೋಶಗಳು ಕಣ್ಣಿನ ಹಿಂಬದಿಯ ರೆಟಿನಾದ ಕಡೆಗೆ ಮುಖವಾದೊಡನೆ ಉದ್ದುದ್ದ ಬೆಳೆದು ನಾರುಗಳಾದವು. 1980ರ ದಶಕದ ಕೊನೆಗೆ ಸಿಡ್ನಿಯ ಮೆಕವಾಯ್ ಮತ್ತು ಚೇಂಬರ್ಲೇನ್, ಎಫ್‌ಜಿಎಫ್ ಎಂಬ ಪ್ರೋಟೀನಿನಿಂದ ಇಲಿಯ ಲೆನ್ಸ್ ಕೋಶಗಳಲ್ಲೂ ಇದೇ ಬದಲಾವಣೆ ತಂದರು. ಪ್ರಮಾಣ ಕಡಿಮೆಯಿದ್ದರೆ ಕೋಶಗಳ ಸಂಖ್ಯೆ ಹೆಚ್ಚುತ್ತದೆ, ಏರಿಸಿದರೆ ಸರಿದಾಡುತ್ತವೆ, ಇನ್ನೂ ಏರಿಸಿದರೆ ನಾರಾಗುತ್ತವೆ. ಕೂಲಂಬ್ರ್ ಪ್ರಯೋಗವನ್ನು ನಮ್ಮಲ್ಲೇ ಮಾಡಿ ತೋರಿಸಿದ ಸ್ಲೈಡುಗಳನ್ನು, ಪ್ರಯೋಗಾಲಯಕ್ಕೆ ಬಂದವರು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಇರುತ್ತೀರಿ. ಅವು ಕಪಾಟಿನಲ್ಲಿ ಒಣಗಿಯೇ ಇವೆ, ದೇವರ ದಯೆ.

ಇದೆಲ್ಲ ಯಾರಿಗಾಗಿ ಎಂದು ಕೇಳುವವರಿದ್ದಾರೆ. ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಕೊಂಡೊಯ್ದ ಕಾಲದಲ್ಲಿ, ಪೊರೆ ಬಂದ ಕಣ್ಣಿನಿಂದ ಸಾಮಾನ್ಯವಾಗಿ ಲೆನ್ಸನ್ನು ಸುತ್ತಿರುವ ತೆಳು ಚೀಲದ ಸಮೇತ ಇಡೀ ಲೆನ್ಸ್ ತೆಗೆಯುತ್ತಿದ್ದರು. ಸೋಡಾಬುಡ್ಡಿ ಕನ್ನಡಕ ಬರುತ್ತಿತ್ತು ನಿಜ, ಆದರೆ ಚೀಲವೇ ಇಲ್ಲದ ಮೇಲೆ ಅದು ಮಬ್ಬಾಗುವ ಮಾತೂ ಇರಲಿಲ್ಲ. ಈಗ ಚೀಲ ಉಳಿಸಿಕೊಂಡು ಅದರೊಳಗೆ ಕೃತಕ ಲೆನ್ಸ್ ಕೂರಿಸುತ್ತಾರೆ. ಎಷ್ಟೇ ಚೊಕ್ಕವಾಗಿ ತೊಳೆದರೂ ಚೀಲದ ಅಂಚಿನಲ್ಲಿ ನಾಲ್ಕು ಕೋಶ ಉಳಿದುಬಿಡುತ್ತವೆ. ಅವು ಚೀಲದ ಹಿಂಬದಿಗೆ ಹರಡಿ, ಅದನ್ನು ಸುಕ್ಕುಗಟ್ಟಿಸಿ, ನೋಟ ಮಂಕಾಗಿಸುತ್ತವೆ. ಆ ಮಬ್ಬು ಚೀಲವನ್ನು ಯಾಗ್ ಎಂಬ ಲೇಸರಿನಿಂದ ತೆರೆಯುವುದು ಪಟ್ಟಣದವರಿಗೆ ಕೆಲವೇ ನಿಮಿಷದ ಕೆಲಸ. ಮಗನ ಬೈಕಿನಲ್ಲಿ ಬಂದು ಆಪರೇಷನ್ ಮಾಡಿಸಿಕೊಂಡು ಹೋದ ಹಳ್ಳಿಯ ಅಜ್ಜಿ ಮಾತ್ರ "ಪೊರೆ ಮತ್ತೆ ಬಂತು, ಹಣೆಬರಹ" ಎಂದು ಜಗಲಿಯಲ್ಲೇ ಕೂತುಬಿಡುತ್ತಾಳೆ. ಮಕ್ಕಳ ಕಣ್ಣಿನಲ್ಲಂತೂ ಈ ಕೋಶಗಳ ಹಟ ಇನ್ನೂ ಜೋರು. ಅದಕ್ಕೇ ಎಳೆಯ ಮಕ್ಕಳಿಗೆ ಮೊದಲ ಆಪರೇಷನ್ನಿನಲ್ಲೇ ಚೀಲದ ಹಿಂಬದಿಯನ್ನೂ ತೆರೆಯಬೇಕಾಗುತ್ತದೆ. ಈ ಕೋಶಗಳನ್ನು ತಡೆಯುವುದು ಹೇಗೆ ಎಂಬುದೊಂದೇ ನಮ್ಮ ಪ್ರಯೋಗಾಲಯದ ಹುಡುಕಾಟ.

ಅದಕ್ಕೆ ಬೇಕಾದ ಸಾಮಗ್ರಿ ಆಪರೇಷನ್ ಕೋಣೆಯ ಕಸದಲ್ಲಿದೆ. ಚೀಲದ ಮುಂಭಾಗದಿಂದ ಸುಮಾರು 5 ಮಿಲಿಮೀಟರಿನ ಬಿಲ್ಲೆಯೊಂದನ್ನು ಹರಿದು ತೆಗೆಯುತ್ತಾರೆ. ಅದರ ಒಳಮೈಗೆ ಒಂದೇ ಪದರ ಜೀವಂತ ಕೋಶ ಅಂಟಿರುತ್ತದೆ. ರೋಗಿಯ ಒಪ್ಪಿಗೆ ಪಡೆದು ಅದನ್ನು ತಣ್ಣನೆಯ ಪೋಷಕ ದ್ರವಕ್ಕೆ ಹಾಕಿ ಬೇಗ ಮೇಲಕ್ಕೆ ತರಬೇಕು. ಸುರುಳಿ ಸುತ್ತಿಕೊಂಡರೆ ಕೋಶದ ಮಗ್ಗುಲು ಯಾವುದೆಂದೇ ತಿಳಿಯದು, ಹಾಗಾಗಿ ಕೀಟಗಳನ್ನು ಚುಚ್ಚಿಡುವ ಸಣ್ಣ ಸೂಜಿಗಳಿಂದ ಅಂಚು ಹಿಡಿದು ಚಪ್ಪಟೆ ಹಾಸುತ್ತೇವೆ. ಬಿಳಿಪೊರೆಯ ಕಣ್ಣಿಗೆ, ಚೀಲ ಕಾಣಲೆಂದು ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದ್ದರೆ ಆ ಬಿಲ್ಲೆಯನ್ನು ಬೇರೆಯೇ ಇಡಬೇಕು, ಬಣ್ಣ ಕೋಶಗಳಿಗೆ ವಿಷ. ಆಮೇಲೆ ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್. ಆ ಅನಿಲದ ಸಿಲಿಂಡರ್ ಖಾಲಿಯಾದರೆ ಕೆಂಪು ಪೋಷಕ ದ್ರವ ನೇರಳೆಗೆ ತಿರುಗುತ್ತದೆ, ಬ್ಯಾಕ್ಟೀರಿಯಾ ಹೊಕ್ಕರೆ ಹಳದಿಯಾಗಿ ಕದಡುತ್ತದೆ. ಈಗಿರುವ ಇನ್‌ಕ್ಯುಬೇಟರ್ ಹಳೆಯದು. ನೀರು ಹೊಕ್ಕು ಗ್ಯಾಸ್ ಸೆನ್ಸರ್ ಕೆಟ್ಟಿದೆ, ಬಿಡಿಭಾಗ ಸಿಗುತ್ತಿಲ್ಲ.

ಖರ್ಚು ಅಂದಾಜಿನಲ್ಲಿ ಹೀಗಿದೆ. ಬಿರುಕು ಸೀಳಿ ಪಾಲಿಮರ್ ಗಾರೆ ತುಂಬಿ, ಇಳಿಜಾರು ಕಾಂಕ್ರೀಟ್ ಹಾಕಿ, 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸುವ ತಾರಸಿ ಕೆಲಸಕ್ಕೆ ಎರಡು ಲಕ್ಷದ ಹತ್ತಿರ. ಫಿಲ್ಟರಿಗೆ ಐವತ್ತು ಸಾವಿರ, ಹೊಸ ಇನ್‌ಕ್ಯುಬೇಟರಿಗೆ ಐದು ಲಕ್ಷ. ಸೀರಮ್, ಸಿಲಿಂಡರ್, ಸಾರಜನಕ ಸೇರಿ ಎಂಟು ಲಕ್ಷ ಮುಟ್ಟುತ್ತದೆ. ತಾರಸಿ ಮುಗಿಯದೆ ಯಂತ್ರ ತರುವುದಿಲ್ಲ.

ಕಾರ್ತಿಕದೊಳಗೆ ಎಲ್ಲವೂ ಕೂಡಿಬರಬೇಕು. ಸುಗ್ಗಿ ಮುಗಿಸಿ ಚಳಿಯಲ್ಲಿ ಪೊರೆ ತೆಗೆಸಿಕೊಳ್ಳುವುದು ನಮ್ಮ ಕಡೆಯವರ ರೂಢಿ. ಬಿಲ್ಲೆಗಳು ಹೆಚ್ಚು ಸಿಗುವುದೂ ಆಗಲೇ. ನಗದು ಎರಡು ಸಾವಿರ ದಾಟಿದರೆ ಆದಾಯ ತೆರಿಗೆ ವಿನಾಯಿತಿ ಸಿಗದು, ಆದ್ದರಿಂದ ಟ್ರಸ್ಟಿನ ಹೆಸರಿಗೆ ಚೆಕ್ ಕೊಡಿ ಅಥವಾ ಖಾತೆಗೆ ಜಮಾ ಮಾಡಿ. ಹಣದ ಬದಲು ಸಿಮೆಂಟು, ಜಲ್ಲಿ, ಯುಪಿಎಸ್ ಬ್ಯಾಟರಿ ಕೊಟ್ಟರೂ ರಸೀದಿ ಕೊಡುತ್ತೇವೆ.

ಇತಿ,
ಧರ್ಮದರ್ಶಿಗಳು